ಎಡಗೈ ಕೊಟ್ಟ ಭಾನುವಾರ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ನಿಂತು ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ಬಲಗೈ ಏನಿದ್ದರೂ ಮೇಲಿನ ಕಂಬಿಯ ಪಾಲು. ಮಿಕ್ಕ ವ್ಯವಹಾರವೆಲ್ಲ ಎಡಗೈಯದೇ. ಮೊನ್ನೆ ಶನಿವಾರ ಬೆಳಗ್ಗೆ ಕಂಡಕ್ಟರು ಟಿಕೆಟ್ ಹರಿದು ನೀಡಿದಾಗ ನಾನು ಎಡಗೈ ಚಾಚಿದೆ. ಆತ ಟಿಕೆಟನ್ನು ಹಿಂದಕ್ಕೆ ಎಳೆದುಕೊಂಡು, "ಬಲಗೈಲಿ ಈಸ್ಕೊಳಿ ಮೇಡಂ, ಬೋಣಿ ಟೈಮು" ಎಂದ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ನನ್ನದು ಸೊನ್ನೆ ರೂಪಾಯಿಯ ಟಿಕೆಟ್ಟು. ಸೊನ್ನೆಗೂ ಬೋಣಿಯ ಶಾಸ್ತ್ರವುಂಟೆಂದು ತಿಳಿದಿರಲಿಲ್ಲ. ಕಂಬಿ ಬಿಟ್ಟು ಬಲಗೈ ಚಾಚಿದೆ. ಅದೇ ಕ್ಷಣಕ್ಕೆ ಡ್ರೈವರು ಬ್ರೇಕು ಒತ್ತಿದ, ನಾನು ಮುಂದಿನ ಸೀಟಿನವರ ಚೆಂಡುಹೂವಿನ ಮೂಟೆಯ ಮೇಲೆ ಹೋಗಿ ಬಿದ್ದೆ. ನನ್ನ ಹಿಂದೆ ನಿಂತಿದ್ದ ನಮ್ಮ ಶಾಲೆಯ ಇಪ್ಪತ್ತು ಸ್ಕೌಟ್ ಮಕ್ಕಳಿಗೆ ಶಿಬಿರ ಅಲ್ಲಿಂದಲೇ ಶುರುವಾಯಿತು.

ಕನ್ನಡ ಪಾಠ ಹೇಳುವ ನನಗೊಂದು ಚಟ, ಬಿದ್ದಲ್ಲಿಯೂ ಪದದ ಬೇರು ಹುಡುಕುವುದು. ನೋಡಿ, ನಮ್ಮ ಭಾಷೆ ಎಡಕ್ಕೆ ಎಷ್ಟೊಂದು ಅನ್ಯಾಯ ಮಾಡಿದೆ! ಬಲವೆಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು. ಎಡವೆಂದೊಡನೆ ಎಡವುವುದು, ಎಡವಟ್ಟು, ಎಡಬಿಡಂಗಿ. ಸಂಸ್ಕೃತದ ಮೊರೆ ಹೊಕ್ಕರೆ ಅಲ್ಲಿಯೂ ಬಲಕ್ಕೆ ದಕ್ಷಿಣವೆಂದು ಹೆಸರಿಟ್ಟು ಬೆನ್ನಿಗೇ ದಕ್ಷಿಣೆ ಕೊಟ್ಟಿದ್ದಾರೆ. ಎಡಕ್ಕೆ ವಾಮವೆಂದು ಹೆಸರಿಟ್ಟು ವಾಮಾಚಾರ ಅಂಟಿಸಿದ್ದಾರೆ. ಉರ್ದುವಿನಲ್ಲಾದರೂ ನ್ಯಾಯ ಸಿಕ್ಕೀತೇ ಎಂದು ದಳದ ಹಿರಿಯ ಹುಡುಗಿ ಶಬೀನಾಳನ್ನು ಕೇಳಿದೆ. "ನಮ್ಮನೇಲಿ ಬಲಗೈಗೆ ಸೀದಾ ಕೈ, ಎಡಗೈಗೆ ಉಲ್ಟಾ ಕೈ ಅಂತಾರೆ ಮಿಸ್" ಎಂದಳು. ಮೇಲ್ಮನವಿಯೂ ವಜಾ ಆಯಿತು.

ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಹುಟ್ಟಿನಿಂದ ಎಡಚಿ. ಚಂದಕವಾಡಿಯ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಅವ್ವ ನನ್ನ ಎಡಗೈಯನ್ನು ಟವಲಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ಪ್ರೀತಿಯಿಂದಲೇ ಕಟ್ಟುತ್ತಿದ್ದಳು, ಬಿಗಿಯಾಗಿಯೂ ಕಟ್ಟುತ್ತಿದ್ದಳು. ಎರಡು ವರ್ಷದಲ್ಲಿ ನಾನು ಸರಿಹೋದೆನೆಂದು ಎಲ್ಲರೂ ಒಪ್ಪಿಕೊಂಡರು. ಸರಿಹೋದದ್ದಕ್ಕೆ ಸಾಕ್ಷಿ ಬೋರ್ಡಿನ ಮೇಲಿನ ನನ್ನ ಅಕ್ಷರ. ಅದನ್ನು ಓದಲು ಕಲಿತ ಮಕ್ಕಳು ಮುಂದೆ ಎಂಥ ಶಿಲಾಶಾಸನವನ್ನಾದರೂ ಓದಿಯಾರು.

ಇಂಥವಳಿಗೆ ಸ್ಕೌಟ್ ದಳದ ಹೊಣೆ ಬಂದದ್ದು, ಶಿಕ್ಷಕರ ಸಭೆಯ ದಿನ ಅಕಸ್ಮಾತ್ತಾಗಿ ಸಮವಸ್ತ್ರದ ಬಣ್ಣದ ನೀಲಿ ಸೀರೆ ಉಟ್ಟು ಹೋಗಿದ್ದೆನೆಂಬ ಒಂದೇ ಅರ್ಹತೆಯ ಮೇಲೆ. ತರಬೇತಿಗೆ ಹೋದಾಗ ತಿಳಿಯಿತು, ಸ್ಕೌಟುಗಳು ಪರಸ್ಪರ ಕುಲುಕುವುದು ಎಡಗೈಯನ್ನು. ಗುರಾಣಿ ಹಿಡಿಯುವ ಕೈ ಅದು. ಗುರಾಣಿಯನ್ನು ಕೆಳಗಿಟ್ಟು ಆ ಕೈ ಚಾಚಿದರೆ 'ನಿನ್ನನ್ನು ನಂಬಿದ್ದೇನೆ' ಎಂದರ್ಥವಂತೆ. ಎಡಗೈಗೆ ಮರ್ಯಾದೆಯಿರುವ ಜಾಗವೊಂದು ಲೋಕದಲ್ಲಿ ಇದೆಯಲ್ಲ ಎಂದು, ಐವತ್ತರ ಹೊಸ್ತಿಲಲ್ಲಿದ್ದ ನನಗೆ ತರಬೇತಿಯ ಮಧ್ಯದಲ್ಲೇ ಕಣ್ಣು ತುಂಬಿಬಂತು. ಪಕ್ಕದವರು ನೆಗಡಿಗೆ ಮಾತ್ರೆ ಕೊಟ್ಟರು.

ನಮ್ಮ ಶಿಬಿರ ಗುಂಡ್ಲುಪೇಟೆಯ ಆಚೆ, ಚೆಂಡುಹೂವಿನ ಹೊಲಗಳ ನಡುವಿನ ಒಂದು ಶಾಲೆಯ ಬಯಲಿನಲ್ಲಿ. ಭಾನುವಾರ ಪೋಷಕರ ಎದುರು ಹನ್ನೊಂದು ಹೊಸ ಮಕ್ಕಳಿಗೆ ದೀಕ್ಷೆ. ಪ್ರತಿಜ್ಞೆ ಹೇಳಿಸಿ, ಕೊರಳಿಗೆ ಸ್ಕಾರ್ಫ್ ತೊಡಿಸಿ, ಎಡಗೈ ಕುಲುಕಿದರೆ ಮಗು ದಳಕ್ಕೆ ಸೇರಿದಂತೆ. ಶನಿವಾರ ಡೇರೆ ಕಟ್ಟಿದ್ದಾಯಿತು (ಮಕ್ಕಳು ಕಟ್ಟಿದ್ದು ನಿಂತಿತು, ನಾನು ಕಟ್ಟಿದ್ದು ಕೂತಿತು), ಉಪ್ಪಿಟ್ಟು ತಳ ಹಿಡಿದದ್ದಾಯಿತು, ಸಂಜೆ ಕೈಕುಲುಕುವ ಅಭ್ಯಾಸ. ಹತ್ತು ಮಕ್ಕಳು ಬಲಗೈ ಚಾಚಿ, ನಾಲಿಗೆ ಕಚ್ಚಿಕೊಂಡು, ಆಮೇಲೆ ಎಡಗೈ ಕೊಟ್ಟರು. ಎಂಟನೇ ತರಗತಿಯ ಸಿಂಚನ ಮಾತ್ರ ಯೋಚಿಸದೆ ಎಡಗೈಯನ್ನೇ ಕೊಟ್ಟಳು. "ಭೇಷ್! ಇವಳನ್ನ ನೋಡಿ ಕಲೀರಿ" ಎಂದೆ. ಎಡಗೈಯ ಕಾರಣಕ್ಕೆ ಬೈಗುಳವನ್ನಷ್ಟೇ ಕೇಳಿ ಬೆಳೆದ ಹುಡುಗಿಯ ಮುಖ ಅರಳಿತು. ಅರಳಿದಷ್ಟೇ ಬೇಗ ಬಾಡಿತು. ಸಾಲು ಬಿಟ್ಟು ನನ್ನ ಹತ್ತಿರ ಬಂದು, "ಮಿಸ್, ನಾಳ ನಮ್ಮಜ್ಜಿ ಬತ್ತದೆ. ಇದ ನೋಡುದ್ರೆ ಸ್ಕೌಟ್ ಬುಡ್ಸಿ ಮನಗೆ ಕರ್ಕೊಂಡೋಗ್ಬುಡ್ತದೆ" ಎಂದಳು.

ತಪ್ಪು ನನ್ನದೇ. ಅಜ್ಜಿ ಪುಟ್ಟಮಲ್ಲಮ್ಮನವರು ಉಮ್ಮತ್ತೂರಿನವರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಇವಳ ಎಡಗೈ ಚಾಳಿ ಬುಡುಸ್ತೀರಾ ಟೀಚರಮ್ಮಾ? ಕೊಟ್ಟ ಮನೇಲಿ ಎಡಗೈಲಿ ಬಡಿಸುದ್ರೆ ನಮ್ ಮಾನ ಓಯ್ತದೆ." ನಾನು, "ಶಿಸ್ತು ಕಲಿಸ್ತೀವಿ ಅವ್ವಾ" ಎಂದಿದ್ದೆ. ವ್ಯಾಕರಣದ ದೃಷ್ಟಿಯಿಂದ ಆ ವಾಕ್ಯದಲ್ಲಿ ಸುಳ್ಳಿಲ್ಲ.

ಈಗ ಆ ಜಾಣತನದ ಫಲ ಎದುರಿಗೆ ನಿಂತಿತ್ತು. "ನಾಳೆ ನಿನ್ನ ಸರದಿ ಬಂದಾಗ ಬಲಗೈ ಕೊಡು, ನಾನೂ ಬಲಗೈಯನ್ನೇ ಕೊಡ್ತೀನಿ" ಎಂದೆ. ಸಿಂಚನ ತಲೆಯಾಡಿಸಿ ಹೋದಳು. ಹನ್ನೊಂದು ಮಕ್ಕಳಲ್ಲಿ ಮೊದಲ ಸಲಕ್ಕೇ ಸರಿ ಮಾಡಿದವಳಿಗೆ ತಪ್ಪು ಮಾಡೆಂದು ಕಲಿಸಿದ್ದೆ. ಕೈಕೊಡುವುದು ಎಂಬ ಮಾತಿಗೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆಯೆಂದು ಆಗ ನೆನಪಾಯಿತು. ನನ್ನ ಅವ್ವನ ಟವಲನ್ನು ಈಗ ನಾನೇ ಹಿಡಿದು ನಿಂತಿದ್ದೆ. ನಾಚಿಕೆಯಾಯಿತು, ಧೈರ್ಯ ಮಾತ್ರ ಬರಲಿಲ್ಲ.

ಭಾನುವಾರ ಮೊದಲ ಬಸ್ಸಿಗೇ ಪುಟ್ಟಮಲ್ಲಮ್ಮನವರು ಬಂದಿಳಿದರು. ಲಿಂಗಪೂಜೆಯಾಗದೆ ಹನಿ ನೀರನ್ನೂ ಬಾಯಿಗೆ ಹಾಕದವರು. "ಒಂದೀಟು ಜಾಗ ತೋರ್ಸಿ" ಎಂದು ಹುಣಸೆ ಮರದ ಕೆಳಗೆ ಕೂತು, ಕೊರಳಿನ ಲಿಂಗವನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡು, ಮೌನವಾಗಿ ಪೂಜೆಗೆ ತೊಡಗಿದರು. ನಮ್ಮ ಒಳ ಒಪ್ಪಂದ ತಿಳಿಯದ ಶಬೀನಾ ಅದೇ ಹೊತ್ತಿಗೆ, ಅದೇ ಮರದೆದುರು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೊನೆಯ ಅಭ್ಯಾಸ ಶುರು ಮಾಡಿದಳು. ನಾನು ಸೆರಗು ಸಿಕ್ಕಿಸಿಕೊಂಡು ಓಡಿದೆ. ತಲುಪುವಷ್ಟರಲ್ಲಿ ಸಿಂಚನ, ಮರೆತು, ಎಡಗೈ ಚಾಚಿಯಾಗಿತ್ತು.

ಅಜ್ಜಿಯ ಕಣ್ಣು ಮೇಲೆದ್ದಿತು. ಪೂಜೆಯ ನಡುವೆ ಮಾತಾಡುವಂತಿಲ್ಲ, ಎದ್ದು ಬರುವಂತೆಯೂ ಇಲ್ಲ. ಆ ಕಣ್ಣು ಮೊಮ್ಮಗಳ ಕೈಯ ಮೇಲೆ ನಿಂತಿತು, ಇಳಿದು ಲಿಂಗದ ಮೇಲೆ ನಿಂತಿತು, ಮತ್ತೆ ಮೇಲೆದ್ದಿತು. ಅರ್ಧ ಗಂಟೆ ನಾನು ಅಲ್ಲೇ ಸುಳಿದಾಡುತ್ತ ಸಮರ್ಥನೆಯ ಭಾಷಣವೊಂದನ್ನು ಮನಸ್ಸಿನಲ್ಲೇ ಕಟ್ಟಿಕೊಂಡೆ. ಪೂಜೆ ಮುಗಿದದ್ದೇ ಗುರಾಣಿಯ ಕತೆಯನ್ನು ಒಂದೇ ಉಸಿರಿಗೆ ಒಪ್ಪಿಸಿದೆ. "ಗುರಾಣಿನೋ ಗಿರಾಣಿನೋ, ಅದ ಹಿಡ್ಕಂಡು ನಾವ್ ಯಾವ ದಂಡಿಗೋಗಿದ್ದೊ ಟೀಚರಮ್ಮಾ?" ಎಂದು ನೀರು ಕುಡಿದರು. ಆಮೇಲೆ ಎದ್ದು ಹೋಗಿ ಪೋಷಕರ ಬೆಂಚಿನಲ್ಲಿ ಕೂತರು.

ದೀಕ್ಷೆ ನಡೆಯಿತು. ಹತ್ತು ಮಕ್ಕಳ ಎಡಗೈ ಕುಲುಕಿದೆ. ಕೊನೆಯವಳು ಸಿಂಚನ. ಪ್ರತಿಜ್ಞೆಯನ್ನು ತಡವರಿಸದೆ ಹೇಳಿದಳು, ಸ್ಕಾರ್ಫಿಗೆ ಕೊರಳು ಬಾಗಿಸಿದಳು, ನೆಲ ನೋಡುತ್ತ ಬಲಗೈ ಚಾಚಿದಳು. ನನ್ನ ಬಲಗೈಯೂ ಮೇಲೆದ್ದಿತು.

"ಲೇ ಅಮ್ಮೀ! ಎಡಗೈ ಕೊಡು ಕಣಮ್ಮಿ!"

ಪೋಷಕರ ಬೆಂಚಿನಿಂದ ಪುಟ್ಟಮಲ್ಲಮ್ಮನವರು ಎದ್ದು ನಿಂತಿದ್ದರು. ತಮ್ಮ ಎಡ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದರು. ವಿಭೂತಿ ಇನ್ನೂ ಅಂಟಿಕೊಂಡಿತ್ತು. "ಅರವತ್ತು ವರ್ಸದಿಂದ ದಿನಾ ಬೆಳಗಾನ ಎದ್ದು ಸಿವನ್ನ ಈ ಕೈ ಮ್ಯಾಲೇ ಕೂರುಸ್ಕಂಡಿವ್ನಿ ಟೀಚರಮ್ಮಾ. ಇದು ಎಡಗೈ ಅನ್ನದು ಇವತ್ತು ನಿಮ್ ಹೈಕ್ಳ ನೋಡ್ದಾಗ್ಲೇ ನನ್ ಗ್ಯಾನಕ್ಕೆ ಬಂದುದ್ದು. ಸಿವ ಕೂರೋ ಕೈಯ್ಯ ನೀವ್ ಹಿಡುದ್ರೆ ಏನಾಯ್ತದೆ? ಕೊಡಮ್ಮಿ, ಯಾಕ್ ನಿಂತ್ಕಂಡೆ?"

ಸಿಂಚನ ಎಡಗೈ ಕೊಟ್ಟಳು. ಅವಳ ಹಿಡಿತ ಬಿಗಿಯಾಗಿತ್ತು. ನಾನು ಅತ್ತೆ. ಇಪ್ಪತ್ತು ಮಕ್ಕಳ ಎದುರು, ಅವರ ಅಪ್ಪ ಅಮ್ಮಂದಿರೆದುರು, ನೆಗಡಿಯ ನೆಪವೂ ಇಲ್ಲದೆ ಅತ್ತೆ. ನನ್ನ ಅವ್ವನೂ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡೇ ಪೂಜಿಸುತ್ತಿದ್ದಳು. ಪೂಜೆ ಮುಗಿಸಿ ಎದ್ದು ಬಂದು ಟವಲು ಹುಡುಕುತ್ತಿದ್ದಳು. ನಮ್ಮ ಮನೆಯಲ್ಲಿ ಯಾರಿಗೂ ಅದು ಗ್ಯಾನಕ್ಕೆ ಬರಲಿಲ್ಲ, ಪದಗಳ ಬೇರು ಹುಡುಕುವ ನನಗೂ.

ಕ್ರಾಂತಿ ಪೂರ್ತಿಯಾಯಿತೆಂದು ತಿಳಿಯಬೇಡಿ. ಮಧ್ಯಾಹ್ನದ ಊಟಕ್ಕೆ ಅಜ್ಜಿ ಮೊಮ್ಮಗಳ ಪಕ್ಕದಲ್ಲೇ ಕೂತು, "ಉಣ್ಣಕೆ ಮಾತ್ರ ಬಲಗೈಯೇ ಕಣಮ್ಮಿ" ಎಂದು ಕಾವಲು ಕಾದರು. ಸಿಂಚನ ಸ್ಕಾರ್ಫಿಗೆ ಸಾರು ಚೆಲ್ಲದಂತೆ, ಬಲಗೈಯಲ್ಲಿ, ನಗುನಗುತ್ತಲೇ ಉಂಡಳು.

ಸಂಜೆ ವಾಪಸು ಬರುವ ಬಸ್ಸಿನಲ್ಲಿ ಅದೇ ಕಂಡಕ್ಟರು. ಅಜ್ಜಿ ಮೊಮ್ಮಗಳಿಗೆ ಸೀಟು ಸಿಕ್ಕಿತ್ತು. ಟಿಕೆಟ್ ನೀಡಿದಾಗ ಸಿಂಚನ ಎಡಗೈ ಚಾಚಿ, ಥಟ್ಟನೆ ಹಿಂದಕ್ಕೆಳೆದು ಅಜ್ಜಿಯ ಮುಖ ನೋಡಿದಳು. "ಯಾವ್ ಕೈಲಾರ ಈಸ್ಕೊ ಬುಡು" ಎಂದರು ಅಜ್ಜಿ. ಕಂಡಕ್ಟರು ನನ್ನ ಕಡೆ ತಿರುಗಿದ. ನಾನು ಎಡಗೈಯನ್ನೇ ಚಾಚಿದೆ. ಆತ ಒಂದು ಗಳಿಗೆ ಆ ಕೈಯನ್ನೂ ನನ್ನ ಮುಖವನ್ನೂ ನೋಡಿ, "ಬೋಣಿ ಟೈಮು ಮುಗೀತಲ್ಲ, ತಕಳಿ" ಎಂದು ಕೊಟ್ಟ. ಅದೇ ಕ್ಷಣಕ್ಕೆ ಡ್ರೈವರು ಬ್ರೇಕು ಒತ್ತಿದ. ಈ ಸಲ ನಾನು ಬೀಳಲಿಲ್ಲ. ಬಲಗೈ ಕಂಬಿಯ ಮೇಲೆ ಭದ್ರವಾಗಿತ್ತು, ಟಿಕೆಟ್ಟು ಎಡಗೈಯಲ್ಲಿತ್ತು.