ಇಂಗ್ಲಿಷ್ ಹಾಡಿಗೆ ಅಜ್ಜ ಹೇಳಿದ ನ್ಯಾಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ತಾಲೂಕಿನ ಗಾನಪ್ರಿಯ ಮಹಾಜನರಿಗೆ ಸಾಷ್ಟಾಂಗವೆರಗಿ ಅರಿಕೆ ಮಾಡುವುದೇನೆಂದರೆ, ಇಂದು ಟ್ರಂಕಿನಲ್ಲಿ ಡಾಂಬರು ಗುಳಿಗೆ ವಾಸನೆಯ ಹಳೆಯ ರೆಕಾರ್ಡೊಂದು ಸಿಕ್ಕಿತು.

ಯಾವುದೋ ಇಂಗ್ಲಿಷ್ ತಂಡದ ಆಯ್ದ ಹಾಡುಗಳು. ನಾನು ಸಣ್ಣವಳಿದ್ದಾಗ, ಅಂಗಡಿಯವನ ಮಾತು ನಂಬಿ, ತಾನೂ ಕೇಳದೆ, ಕಾಕಾ ಹೊಸ ಪ್ಲೇಯರ್ ಜೊತೆ ಸೊಲ್ಲಾಪುರದಿಂದ ತಂದಿದ್ದ. ಈ ತಂಡವನ್ನು ಈಗ ಯಾರು ಕೇಳುತ್ತಾರೆಂದು ಅವನ ಗೆಳೆಯರೇ ನಕ್ಕಿದ್ದರು. ಮೊದಲ ಹಾಡಿಗೇ ಅವ್ವ, "ಬೆಕ್ಕು ಬಡದಾಡಿದಂಗ ಐತಿ. ಪ್ಲೇಯರ್ ಸುದ್ದಾ ವಾಪಸ್ ಕೊಟ್ಟು ಬಾಪಾ" ಎಂದಳು.

ಕಾಕಾ ಅಜ್ಜನಿಗೆ ಕೈಮುಗಿದ. ಅಜ್ಜ ಊರಿನ ಪಂಚ. "ಕಳ್ಳನ ಮಾತೂ ಪೂರಾ ಕೇಳೇ ನ್ಯಾಯ ಹೇಳ್ತೇನಿ. ಹಚ್ಚು" ಎಂದು ರುಮಾಲು ಸುತ್ತಿಕೊಂಡು ಕೂತ. ರುಮಾಲು ತಲೆಗೇರಿದರೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಹಾಡಿನ ಮೇಲೆ ಹಾಡು ಮುಗಿದರೂ ಅಜ್ಜ ಕಣ್ಣು ತೆರೆಯಲಿಲ್ಲ. ಕಾಕಾನ ಹಣೆ ಬೆವರಿತು. ನಾನು ಬಾಗಿಲ ಹಿಂದೆ ಸರಿದೆ.

ಕೊನೆಗೆ ಅಜ್ಜ ರುಮಾಲು ಬಿಚ್ಚಿದ. "ಬಸ್ ತಪ್ಪತೈತಿ ಅನ್ನೂವಂಗ ಹಾಡ್ತಾರ. ಆದ್ರ ಡೋಲು ಬಾರಸಾಂವ ಒಂದು ಪೆಟ್ಟೂ ತಪ್ಪಿಲ್ಲ. ಇರಲಿ ಬಿಡು."

ಮಹಾಜನರೇ, ಅಂದು ಪ್ಲೇಯರಿನ ವೇಗ ಹೆಚ್ಚಿಸಿಟ್ಟವಳು ನಾನೇ. ಇಂದು ಸರಿಯಾದ ವೇಗದಲ್ಲಿ ಕೇಳಲು ಕೂತೆ. ಮೂರನೇ ಹಾಡಿಗೆ ನಿದ್ದೆ ಹೋದೆ.