ಮೇಡಂ ಉಳಿಸಿದ ಧೂಳು

ನಮ್ಮ ಮೇಡಂ ಕನ್ನಡಕ ತೆಗೆದರೆ ಮೂಗಿನ ಎರಡೂ ಬದಿ ಕೆಂಪಗೆ ಗುಳಿ ಬಿದ್ದಿರುತ್ತಿತ್ತು. ಭಾನುವಾರದ ರಜೆ ಕಳೆದು ಬಂದರೂ ಆ ಗುಳಿ ತುಂಬಿರುತ್ತಿರಲಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡು, ತಲೆಯನ್ನು ಕುರ್ಚಿಗೆ ಆನಿಸಿ, "ಸಾಕಾಯ್ತು ಕಣೋ" ಎನ್ನುತ್ತಿದ್ದರು. ಮತ್ತೆ ಪರದೆಗೆ ಅಂಟಿಕೊಳ್ಳುತ್ತಿದ್ದರು. ಅವರ ಆ ಮಾತನ್ನು ನಾನು ಒಂದು ದಿನವೂ ನಂಬಲಿಲ್ಲ.

ವೈಟ್‌ಫೀಲ್ಡಿನ ಗಾಜಿನ ಕಟ್ಟಡವೊಂದರಲ್ಲಿ, ಹಳೆಯ ಸಾಕ್ಷ್ಯಚಿತ್ರಗಳನ್ನು ಎಐ ಬಳಸಿ ಸ್ವಚ್ಛ ಮಾಡುವುದು ನಮ್ಮ ಕೆಲಸ. ರೀಲಿನ ಮೇಲಿನ ಗೀರು, ಕೊಳೆಯನ್ನೆಲ್ಲ ಯಂತ್ರವೇ ಹುಡುಕಿ ಒರೆಸುತ್ತದೆ. ನಾವು ಸರಿ ಎಂದು ಒತ್ತುತ್ತಾ ಕೂರಬೇಕು. ಸಂಜೆಯ ಹೊತ್ತಿಗೆ ಕಣ್ಣೂ ಸೋತಿರುತ್ತದೆ, ಮನಸ್ಸೂ ಸೋತಿರುತ್ತದೆ. ಮೇಡಂ ಮಾತ್ರ ಒರೆಸುವ ಮೊದಲಿನ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡದೆ ಏನನ್ನೂ ಕಳಿಸುತ್ತಿರಲಿಲ್ಲ.

ಒಮ್ಮೆ ಅತ್ತಿಬೆಲೆ ಕಡೆಯ ಕಲ್ಲು ಪಾಲಿಶ್ ಶೆಡ್ಡಿನ ಚಿತ್ರವೊಂದು ಬಂತು. ಅಲ್ಲಿನ ಕೆಲಸಗಾರರ ಎದೆರೋಗದ ಬಗ್ಗೆ ಯಾರೋ ಪುಣ್ಯಾತ್ಮರು ತೆಗೆದದ್ದು. ಯಂತ್ರ ಅದನ್ನು ಫಳಫಳ ಮಾಡಿಕೊಟ್ಟಿತು. ನಾನು ಹಿಗ್ಗಿ ಮೇಡಂ ಅವರನ್ನು ಕರೆದೆ.

"ಶೆಡ್ಡಲ್ಲಿ ಧೂಳೆಲ್ಲೋ?" ಎಂದರು.

ಗಾಳಿಯಲ್ಲಿ ಹಾರುತ್ತಿದ್ದ ಕಲ್ಲಿನ ಪುಡಿಯನ್ನೂ ಯಂತ್ರ ರೀಲಿನ ಕೊಳೆಯೆಂದು ತಿಳಿದು ಒರೆಸಿಬಿಟ್ಟಿತ್ತು. ಜನ ಆಸ್ಪತ್ರೆಯಷ್ಟು ಚೊಕ್ಕಟವಾದ ಶೆಡ್ಡಿನಲ್ಲಿ ನಿಂತು ಸುಮ್ಮಸುಮ್ಮನೆ ಕೆಮ್ಮುತ್ತಿದ್ದರು.

"ಕ್ಲೈಂಟ್ ಓಕೆ ಅಂದಿದ್ದಾರಲ್ಲ ಮೇಡಂ, ಬಿಟ್ಬಿಡಿ" ಎಂದರು ಮ್ಯಾನೇಜರು.

ಮೇಡಂ ದನಿ ಏರಿಸಲಿಲ್ಲ. "ನಮ್ಮಪ್ಪ ಇಂಥ ಶೆಡ್ಡಿಂದ್ಲೇ ಮನೆಗೆ ಬರ್ತಿದ್ರು ಸಾರ್. ರೆಪ್ಪೆ ಕೂಡ ಬೆಳ್ಳಗಿರ್ತಿತ್ತು. ಆ ಧೂಳು ಕುಡಿದೇ ಸತ್ರು. ಈ ಪಿಚ್ಚರ್ ನೋಡಿದ್ರೆ ಯಾಕೆ ಸತ್ರು ಅಂತ ಯಾರಿಗೂ ಗೊತ್ತಾಗಲ್ಲ."

ಆಮೇಲೆ ಒಂದೊಂದೇ ಫ್ರೇಮು ತೆಗೆದು, ಧೂಳಿರುವ ಕಡೆ ಯಂತ್ರ ಮುಟ್ಟದ ಹಾಗೆ ಕೈಯಿಂದಲೇ ಗೆರೆ ಎಳೆಯುತ್ತಾ ಹೋದೆವು. ವಾರಗಳು ಹಿಡಿದವು. ತಡವಾಯಿತೆಂದು ಮೇಡಂ ಬೈಸಿಕೊಂಡರು. ನಾನೂ ಗೊಣಗಿದೆ. "ಬೈಕೋ ಕಣೋ, ಆದ್ರೆ ಒರೆಸ್ಬೇಡ" ಎಂದರು. ಕೊನೆಗೆ ಆ ಚಿತ್ರ ಧೂಳಿನ ಸಮೇತ ಹೊರಗೆ ಹೋಯಿತು.

ಹೋದ ವರ್ಷ ಮೇಡಂ ಇದ್ದಕ್ಕಿದ್ದಂತೆ ತೀರಿಕೊಂಡರು. ಹೃದಯಾಘಾತವಂತೆ. ಪಟ್ಟಂದೂರು ಅಗ್ರಹಾರದ ಅವರ ಬಾಡಿಗೆ ಮನೆಗೆ ಹೋದೆ. ಹಾರ ಹಾಕಿದ್ದು ಅವರು ಕನ್ನಡಕ ತೆಗೆದು ಕೂತಿದ್ದಾಗಿನ ಫೋಟೋ. ಆದರೂ ಮೂಗು ನುಣ್ಣಗಿತ್ತು, ಕಣ್ಣ ಕೆಳಗಿನ ಕಪ್ಪೂ ಇರಲಿಲ್ಲ.

"ಎಐಲಿ ಮಾಡಿಸ್ದೆ ಅಣ್ಣ. ಎಷ್ಟು ಫ್ರೆಶ್ಶಾಗಿ ಕಾಣ್ತಾಳಲ್ವಾ?" ಎಂದ ಅವರ ತಮ್ಮ.

ನನಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಇರಲಿಲ್ಲ. "ಮೊದಲಿನ ಫೋಟೋ ಕಳ್ಸಪ್ಪ" ಎಂದೆ. ಅದನ್ನು ಹಾಗೆಯೇ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ತಿಥಿಯ ದಿನ ಒಯ್ದು ಕೊಟ್ಟೆ.

ಅವನು ಕಾಗದ ಬಿಚ್ಚಿದ. ಮೂಗಿನ ಮೇಲಿನ ಆ ಗುಳಿಗಳನ್ನು ಹೆಬ್ಬೆರಳಿನಿಂದ ಮುಟ್ಟಿ, "ಅಕ್ಕ" ಎಂದ.