ನಂಜತ್ತೆ ಹಂಚಿದ ಪುಣ್ಯ

ಕಣ್ಣಿಗೆ ಕಾಣದ ಉಡುಗೊರೆಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಕೈಯಲ್ಲಿ ಏನೂ ಇಲ್ಲದವರು ಕಂಡುಕೊಂಡ ಉಪಾಯವದು ಎಂದುಕೊಂಡಿದ್ದೆ. ಎಂ.ಎ.ಗೆ ತರ್ಕಶಾಸ್ತ್ರ ಓದುವವನು ಬೇರೇನು ತಾನೇ ಅಂದುಕೊಂಡಾನು?

ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಹೆಬ್ಬಾಳದಲ್ಲಿ ಮುನಿಯಮ್ಮನ ಮನೆಯ ಅರ್ಧಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಡಿಸೆಂಬರ್ ಬಂತೆಂದರೆ ಆಕೆಯ ಹೊಲದ ಅವರೆಕಾಯಿ ಮೊರದ ತುಂಬ ನಮಗೆ ಬರುತ್ತಿತ್ತು. ಹಿಂದಿನ ಬೀದಿಯ ನರ್ಸ್ ಮೇರಿಯಮ್ಮ ಕ್ರಿಸ್‌ಮಸ್‌ಗೆ ಕಿತ್ತಳೆಹಣ್ಣು ಕಳಿಸುತ್ತಿದ್ದರು. ಬಂದ ಮೊರ, ತಟ್ಟೆ ಬರಿದೇ ಹಿಂತಿರುಗಬಾರದಲ್ಲ? ತಮ್ಮನ ಆಸರೆಯಲ್ಲಿದ್ದ ನನ್ನ ಸೋದರತ್ತೆ ನಂಜತ್ತೆಗೆ, ತನ್ನದೆಂದು ಕೊಡಲು ಒಂದು ಹಿಡಿ ಸಕ್ಕರೆಯೂ ಇರಲಿಲ್ಲ. ಇದ್ದದ್ದು ಪುಣ್ಯ. ಧನುರ್ಮಾಸವಿಡೀ ನಸುಕಿಗೂ ಮೊದಲೇ ತಣ್ಣೀರು ಸುರಿದುಕೊಂಡು, ಪೂಜೆ ಮಾಡಿ ಗಳಿಸುತ್ತಿದ್ದಳು. ಆಮೇಲೆ ಅದನ್ನು ದಿನಕ್ಕೊಬ್ಬರಂತೆ ಅಂಗೈಗೆ ನೀರು ಬಿಟ್ಟು ಧಾರೆಯೆರೆದುಬಿಡುತ್ತಿದ್ದಳು.

ತೆಗೆದುಕೊಳ್ಳುವವರೂ ಸಾಮಾನ್ಯರಲ್ಲ. ‘ಇದು ನಮ್ಮ ಚರ್ಚಲ್ಲಿ ನಡೆಯುತ್ತಾ ಅಜ್ಜಿ?’ ಎಂದು ಮೇರಿಯಮ್ಮ ನಕ್ಕರೆ, ‘ಇಟ್ಕೊಂಡಿರಮ್ಮ, ಹಳಸೋ ಪದಾರ್ಥ ಅಲ್ಲ’ ಎಂದಳು ಅತ್ತೆ. ಮುನಿಯಮ್ಮನದು ಸಂತೆಯ ವರಸೆ: ‘ಬಿಸ್ಲು ಬಂದ್ ದಿನದ್ದು ನಂಗ್ ಬ್ಯಾಡ ಕಣಮ್ಮೋ. ಗಡಗಡ ನಡುಗ್ತೀರಲ್ಲ, ಅಂತಾ ದಿನದ್ದು ಕೊಡಿ.’

ಒಂದು ವರ್ಷ ಮಾತ್ರ ಆಕೆ ಚೌಕಾಸಿ ಮಾಡಲಿಲ್ಲ. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ‘ನಾಳೇದು ನಮ್ ಉಡುಗೀಗೆ’ ಎಂದಳು, ಅಷ್ಟೆ. ಅತ್ತೆ ಒಪ್ಪಿದಳು. ಮಾರನೆಯ ಬೆಳಗ್ಗೆ ಅತ್ತೆಗೆ ತಲೆಯೆತ್ತಲಾಗದ ಜ್ವರ.

ಕ್ರಿಸ್‌ಮಸ್ ರಜೆಯನ್ನು ಕಂಬಳಿಯೊಳಗೆ ಆಚರಿಸುತ್ತಿದ್ದ ನನ್ನನ್ನು ಕರೆದಳು. ‘ಮಾತು ಕೊಟ್ಟಿದ್ದೀನಿ ಕಣೋ ಸೀನ. ನನ್ನ ಬದಲು ನೀನೇಳು.’

‘ನಂಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಅತ್ತೆ.’

‘ನಂಬಿಕೆ ಯಾರೋ ಕೇಳಿದ್ರು? ನೀರು ಸುರ್ಕೋ.’

ಅಷ್ಟರಲ್ಲಿ ಗೋಡೆಯಾಚೆ ಆ ಹುಡುಗಿ ನೋವಿಗೆ ಕೂಗಿದಳು. ತರ್ಕ ಅಲ್ಲಿಗೆ ಮುಗಿಯಿತು. ಬಾವಿಯ ನೀರು ಮಂಜುಗಡ್ಡೆಯಂತಿತ್ತೆಂದು ನನ್ನ ನೆನಪು. ಚಳಿಗಾಲದಲ್ಲಿ ಬಾವಿನೀರು ಬೆಚ್ಚಗಿರುತ್ತದೆಂದು ತಿಳಿದವರು ಹೇಳುತ್ತಾರೆ. ಡೈರಿ ತೆಗೆದು ನೋಡಿದರೆ ‘ಚಳಿ’ ಎಂದಷ್ಟೇ ಇದೆ. ಅದನ್ನು ಬರೆದವನೂ ನಾನೇ ಆದ್ದರಿಂದ ಸಾಕ್ಷಿ ನಿಲ್ಲುವುದಿಲ್ಲ.

ಪೂಜೆ ಮುಗಿಯುವ ಹೊತ್ತಿಗೆ ಮುನಿಯಮ್ಮ ಬಾಗಿಲಲ್ಲಿದ್ದಳು. ನನ್ನ ಒದ್ದೆ ತಲೆ ನೋಡಿ, ‘ಓದೋ ಉಡುಗನ್ ಪುಣ್ಯ, ಅಮ್ಮೋರದ್ರಷ್ಟು ಗಟ್ಟಿ ಇರ್ತದಾ?’ ಎಂದಳು.

‘ಹೊಸದು ಮುನಿಯಮ್ಮ, ಇನ್ನೂ ಬಳಸೇ ಇಲ್ಲ’ ಎಂದಳು ಅತ್ತೆ, ಹಾಸಿಗೆಯಿಂದಲೇ.

ನನ್ನ ಬೊಗಸೆಯ ನೀರಿನ ಕೆಳಗೆ ಮುನಿಯಮ್ಮ ಕೈ ಚಾಚಿದಳು. ಪುಣ್ಯವೆಂಬುದೇ ಇಲ್ಲ ಎಂದು ಕಾಲೇಜಿನಲ್ಲಿ ವಾದಿಸುತ್ತಿದ್ದವನು ನಾನು. ಆದರೂ ಅದು ನನ್ನ ಜೀವಮಾನದ ಮೊದಲ ಗಳಿಕೆ. ಪರೀಕ್ಷೆ ಬೇರೆ ಹತ್ತಿರವಿತ್ತು. ಬೆರಳುಗಳು ತಾವಾಗಿಯೇ ಬಿಗಿದುಕೊಂಡವು.

‘ಸೀನಾ, ಪೂರ್ತಿ ಬಿಡೋ!’ ಎಂದಳು ಅತ್ತೆ.

ಬಿಟ್ಟೆ. ಇಲ್ಲದ್ದನ್ನು ಕೊಡುವುದೂ ಇಷ್ಟು ಕಷ್ಟವೆಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಹೆಬ್ಬಾಳ ಕೆರೆಯ ಮೇಲಿನ ಮಂಜು ಕರಗುವ ಮುನ್ನ ಗೋಡೆಯಾಚೆ ಮಗುವಿನ ಅಳು ಕೇಳಿತು. ಹೆರಿಗೆ ಮಾಡಿಸಿದವರು ಮೇರಿಯಮ್ಮ. ಹೊರಟಾಗ ನಮ್ಮ ಕಿಟಕಿಯಲ್ಲಿ ಇಣುಕಿ, ‘ಅಜ್ಜಿ, ನೀವು ನಂಗೆ ಕೊಟ್ಟಿದ್ದೂ ಅಲ್ಲೇ ಖರ್ಚಾಯ್ತು’ ಎಂದರು.

ಸಂಜೆ ಮುನಿಯಮ್ಮ ತುಂಬಿ ತುಳುಕುವ ಮೊರ ತಂದು ನನ್ನ ಮುಂದೆಯೇ ಇಟ್ಟಳು. ‘ಇದು ಉಡುಗಂಗೆ.’ ನನಗೆಂದೇ ಬಂದ ಅವರೆಕಾಯಿ! ಹೆಮ್ಮೆಯಿಂದ ಒಂದನ್ನು ಸುಲಿಯತೊಡಗಿದೆ.

ಹಾಸಿಗೆಯಿಂದ ಅತ್ತೆಯ ದನಿ ಬಂತು: ‘ಮೊರ ಬರೀದು ಕಳಿಸ್ಬಾರ್ದು ಸೀನ. ನಾಳೆ ಬೇಗ ಏಳು.’